ಹೆಸರಿಲ್ಲದ ಒಂದು ಸೂಪರ್ ನಿಂಟೆಂಡೊ ಚುಕ್ಕಾಣಿ: ಗುರುತು, ದುರಸ್ತಿ, ಬೆಲೆ

ಬೂದು ಬಣ್ಣ ಬಳಿದ ಪ್ಲಾಸ್ಟಿಕ್ ಕವಚ, ಅದರ ನಡುವೆ ಕಾರಿನದರಂಥ ಅಂಗೈಯಗಲದ ಒಂದು ಚುಕ್ಕಾಣಿ, ಎರಡೂ ಬದಿಗಳಲ್ಲಿ ಗುಂಡಿಗಳು, ಹಿಂಭಾಗದಲ್ಲಿ ಎರಡು ಸ್ಥಾನಗಳ ಒಂದು ಸ್ವಿಚ್ಚು, ಟಿವಿಗೆ ಜೋಡಿಸಿ ಆಡುವ ಸೂಪರ್ ನಿಂಟೆಂಡೊ ಎಂಬ ವಿಡಿಯೊ ಗೇಮ್ ಕನ್ಸೋಲಿಗೆ ಹೊಂದುವ ಏಳು ಪಿನ್ನುಗಳ ಪ್ಲಗ್ಗಿನಲ್ಲಿ ಕೊನೆಗೊಳ್ಳುವ ಕೇಬಲ್ಲು: ಹೊರಗಿನಿಂದ ಕಾಣುವುದು ಇಷ್ಟೇ. ತಯಾರಕರ ಹೆಸರು, ಮಾದರಿಯ ಸಂಖ್ಯೆ, ಸರಣಿ ಸಂಖ್ಯೆ ಯಾವುದೂ ಇದರ ಮೇಲಿಲ್ಲ. ಮುಚ್ಚಿಹೋದ ಒಂದು ವಿನ್ಯಾಸ ಕಾರ್ಯಾಗಾರದ ಉಳಿಕೆ ಸಾಮಾನುಗಳೊಡನೆ ಇದು ನನ್ನ ಕೈಗೆ ಬಂದಿತು. ಮಾರಾಟಕ್ಕೇ ಬಾರದ ಉಪಸಾಧನವೊಂದರ ಮೂಲಮಾದರಿ ಇದೆಂದು ಕೊಟ್ಟವರು ಹೇಳಿದರು. ಆ ಮಾತು ನಿಜವಿದ್ದರೆ ವಸ್ತುವಿಗೆ ಒಂದು ಬೆಲೆ, ಇಲ್ಲದಿದ್ದರೆ ಬೇರೆಯೇ ಬೆಲೆ. ಆದ್ದರಿಂದ ಬೆಲೆಯ ಯೋಚನೆಯನ್ನು ಕೊನೆಗಿಟ್ಟು, ಯಾವ ಸಂಗತಿಯನ್ನು ವಸ್ತುವೇ ತೋರಿಸಿಕೊಡುತ್ತದೆ, ಯಾವುದು ಕೇವಲ ಹೇಳಿಕೆಯಾಗಿ ಉಳಿಯುತ್ತದೆ ಎಂಬುದನ್ನು ಬೇರ್ಪಡಿಸಿ ಬರೆದುಕೊಳ್ಳುತ್ತಾ ಹೋದೆ.

ಕವಚ ತೆರೆಯುವ ಮೊದಲು ಪ್ರತಿ ಮಗ್ಗುಲಿನ ಚಿತ್ರವನ್ನೂ ಅಳತೆಪಟ್ಟಿಯೊಡನೆ ತೆಗೆದು, ತೂಕವನ್ನು ದಾಖಲಿಸಿದೆ. ಹಳೆಯ ಪ್ಲಾಸ್ಟಿಕ್ಕನ್ನು ಪೆರಾಕ್ಸೈಡಿನಿಂದ ಬೆಳ್ಳಗೆ ಮಾಡುವ ವಿಧಾನ ಸಂಗ್ರಾಹಕರಲ್ಲಿ ಜನಪ್ರಿಯವಾಗಿದೆ. ಇಂಥ ವಸ್ತುವಿಗೆ ಅದನ್ನು ಮಾಡಲೇಬಾರದು. ಬಣ್ಣದ ಪದರ, ಬೆರಳು ತಾಗಿ ಸವೆದ ಜಾಗ, ಕಿತ್ತುಹೋದ ಲೇಬಲ್ಲಿನ ಅಂಟಿನ ಗುರುತು ಇವೆಲ್ಲವೂ ಸಾಕ್ಷ್ಯಗಳೇ. ಒಮ್ಮೆ ತೊಳೆದುಬಿಟ್ಟರೆ ಮರಳಿ ಬರುವುದಿಲ್ಲ. ಮೆತ್ತನೆಯ ಕುಂಚದಿಂದ ಧೂಳು ಕೊಡವುವಷ್ಟಕ್ಕೆ ನಾನು ನಿಲ್ಲಿಸಿದೆ.

ತಿರುಪುಗಳು ಸಾಮಾನ್ಯ ಫಿಲಿಪ್ಸ್ ತಲೆಯವು. ಅವು ಕವಚದಲ್ಲಿ ಹುದುಗಿಸಿದ ಹಿತ್ತಾಳೆಯ ಮರೆಗಳಿಗೆ, ಅಂದರೆ ಒಳಸುತ್ತುಳ್ಳ ಬಳೆಗಳಿಗೆ, ಕಚ್ಚಿಕೊಂಡಿದ್ದವು. ಲಕ್ಷಗಟ್ಟಲೆ ಸಂಖ್ಯೆಯಲ್ಲಿ ತಯಾರಾಗುವ ನಿಯಂತ್ರಕಗಳಲ್ಲಿ ತಿರುಪು ನೇರವಾಗಿ ಪ್ಲಾಸ್ಟಿಕ್ಕಿನ ಕಂಬಕ್ಕೆ ಇಳಿಯುತ್ತದೆ, ಏಕೆಂದರೆ ಹಿತ್ತಾಳೆಯ ಮರೆ ಪ್ರತಿ ತುಂಡಿಗೂ ಖರ್ಚು ಹೆಚ್ಚಿಸುತ್ತದೆ. ಪದೇ ಪದೇ ತೆರೆದು ಮುಚ್ಚಬೇಕಾದ ವಸ್ತುವಿಗೆ ಮಾತ್ರ ಆ ಖರ್ಚು ಸಾರ್ಥಕ. ಕವಚದ ಒಳಮೈ ಇನ್ನೂ ಸ್ಪಷ್ಟವಾಗಿ ಮಾತಾಡಿತು. ಉಕ್ಕಿನ ಅಚ್ಚಿಗೆ ಒತ್ತಡದಿಂದ ಪ್ಲಾಸ್ಟಿಕ್ ತುಂಬಿದಾಗ ತುಂಡನ್ನು ಹೊರದಬ್ಬುವ ಸರಳುಗಳ ದುಂಡು ಗುರುತುಗಳೂ, ಪ್ಲಾಸ್ಟಿಕ್ ಒಳಹೊಕ್ಕ ದ್ವಾರದ ಮೊಂಡು ಕಲೆಯೂ ಉಳಿಯುತ್ತವೆ. ಇಲ್ಲಿ ಅವೆರಡೂ ಇರಲಿಲ್ಲ. ಅವುಗಳ ಬದಲು ದಪ್ಪನೆಯ ಮೂಲೆಗಳಲ್ಲಿ ಸಣ್ಣ ಗಾಳಿಗುಳ್ಳೆಗಳು, ಅಂಚಿನುದ್ದಕ್ಕೂ ಕೈಯಿಂದ ಉಜ್ಜಿ ಸಮಗೊಳಿಸಿದ ಗೆರೆಗಳು, ಬಣ್ಣದ ಕೆಳಗೆ ತಿಳಿಹಳದಿ ರಾಳ ಕಂಡವು. ಸಿಲಿಕೋನ್ ಅಚ್ಚಿನಲ್ಲಿ ನಿರ್ವಾತದ ನೆರವಿನಿಂದ ಪಾಲಿಯುರೆಥೇನ್ ಎರಕ ಹೊಯ್ದಾಗ ಸಿಗುವ ಲಕ್ಷಣಗಳಿವು. ಅಂಥ ಅಚ್ಚು ಕೆಲವೇ ಹತ್ತು ಎರಕಗಳಲ್ಲಿ ಸವೆದುಹೋಗುವುದರಿಂದ, ಉಕ್ಕಿನ ಅಚ್ಚಿಗೆ ಹಣ ಹೂಡುವ ಮುನ್ನ ಕೆಲವು ನಮೂನೆಗಳನ್ನು ಪಡೆಯಲು ಅದನ್ನು ಬಳಸುತ್ತಾರೆ. ಇತ್ತೀಚೆಗೆ ಮನೆಯಲ್ಲೇ ಮುದ್ರಿಸಿದ ಕವಚವಾಗಿದ್ದರೆ ಎಳೆಎಳೆಯಾದ ಪದರಗಳು ಬಣ್ಣದಡಿಯಲ್ಲೂ ಕಾಣಿಸಿಕೊಳ್ಳುತ್ತಿದ್ದವು. ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿದಾಗ ಅಂಥ ಪದರ ಎಲ್ಲಿಯೂ ಇರಲಿಲ್ಲ. ಹೀಗಾಗಿ ಇನ್ನೂ ಒಂದು ಮಾತನ್ನು ಬರೆದುಕೊಳ್ಳಬಹುದಾಯಿತು: ಇಂಥ ತುಂಡು ಇದೊಂದೇ ಇರುವ ಸಾಧ್ಯತೆ ಕಡಿಮೆ. ಅಚ್ಚು ಮಾಡಿದವರು ಒಂದೇ ಎರಕಕ್ಕಾಗಿ ಅಚ್ಚು ಮಾಡುವುದಿಲ್ಲ.

ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಹಸಿರು ರಕ್ಷಾಲೇಪ ಇಲ್ಲ. ಎರಡು ಮುಖಗಳಲ್ಲೂ ತಾಮ್ರದ ದಾರಿಗಳಿವೆ, ಆದರೆ ರಂಧ್ರಗಳ ಒಳಗೋಡೆಗೆ ಲೋಹದ ಲೇಪವಿಲ್ಲ. ಆದ್ದರಿಂದ ಬಿಡಿಭಾಗಗಳ ಕಾಲುಗಳನ್ನು ಮೇಲೂ ಕೆಳಗೂ ಬೆಸೆದಿದ್ದಾರೆ. ತುರ್ತಾಗಿ ಒಂದೆರಡು ಬೋರ್ಡುಗಳನ್ನು ತಾವೇ ಕೆತ್ತಿಕೊಳ್ಳುವವರು ಮಾಡುವ ಕೆಲಸವಿದು. ದಾರಿಗಳಲ್ಲಿನ ತಪ್ಪನ್ನು ಸರಿಪಡಿಸಲು ಮೇಲಿನಿಂದ ಎಳೆದ ತೆಳುವಾದ ನೀಲಿ ತಿದ್ದುಪಡಿ ತಂತಿಗಳಲ್ಲಿ ಒಂದರ ತುದಿ ಬಿಟ್ಟುಕೊಂಡಿತ್ತು. ಬೆಸುಗೆಯಲ್ಲಿ ಸೀಸವಿದೆಯೇ ಎಂದು ಬಣ್ಣ ಬದಲಾಗುವ ಪರೀಕ್ಷಾ ಕಡ್ಡಿಯಿಂದ ನೋಡಿದೆ, ಇದೆ. ಯುರೋಪಿನ ನಿಯಮ 2006ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ಬಹುಪಾಲು ಉದ್ಯಮ ಸೀಸರಹಿತ ಬೆಸುಗೆಗೆ ಹೊರಳಿತು. ಆದರೂ ಸೀಸದ ಬೆಸುಗೆ ಇಂದಿಗೂ ದೊರೆಯುತ್ತದೆ, ಹೀಗಾಗಿ ಸೀಸ ಇರುವುದು ಹಳೆತನಕ್ಕೆ ಪುರಾವೆಯಲ್ಲ. ಇಲ್ಲದಿದ್ದಿದ್ದರೆ ಮಾತ್ರ ಅದು ಬಲವಾದ ವಿರೋಧಸಾಕ್ಷ್ಯವಾಗುತ್ತಿತ್ತು. ಒಂದೇ ಪರೀಕ್ಷೆ ಒಂದು ದಿಕ್ಕಿನಲ್ಲಿ ಸಾಬೀತುಪಡಿಸಿ, ಇನ್ನೊಂದು ದಿಕ್ಕಿನಲ್ಲಿ ಏನನ್ನೂ ಹೇಳದಿರಬಹುದು ಎಂಬುದನ್ನು ಇಂಥ ಪರಿಶೀಲನೆಯಲ್ಲಿ ಪ್ರತಿ ಹೆಜ್ಜೆಗೂ ನೆನಪಿಡಬೇಕು.

ಕಾಲನಿರ್ಣಯಕ್ಕೆ ನಾನು ನೆಚ್ಚಿಕೊಂಡದ್ದು ಚಿಪ್ಪುಗಳ ಮೇಲಿನ ನಾಲ್ಕಂಕಿಯ ದಿನಾಂಕ ಸಂಕೇತಗಳನ್ನು. ಮೊದಲೆರಡು ಅಂಕಿ ವರ್ಷವನ್ನೂ ಉಳಿದೆರಡು ವಾರವನ್ನೂ ಸೂಚಿಸುತ್ತವೆ. ಬೋರ್ಡಿಗೆ ನೇರವಾಗಿ ಬೆಸೆದ ಚಿಪ್ಪುಗಳಲ್ಲಿ 9238, 9305, 9311 ಎಂಬ ಸಂಕೇತಗಳು ಸಿಕ್ಕವು. ಇವುಗಳಲ್ಲಿ ತೀರ ಈಚಿನದು 1993ರ 11ನೆಯ ವಾರ, ಅಂದರೆ ಮಾರ್ಚ್ ತಿಂಗಳ ಮಧ್ಯಭಾಗ. ಬೋರ್ಡು ಅದಕ್ಕಿಂತ ಮುಂಚಿನದಾಗಿರಲು ಸಾಧ್ಯವಿಲ್ಲ. ಎಷ್ಟು ತಡವಾಗಿ ಜೋಡಿಸಿದ್ದು ಎಂಬುದನ್ನು ಈ ಅಂಕಿಗಳು ಹೇಳುವುದಿಲ್ಲ. ಆದರೆ ಬೇರೆ ಬೇರೆ ತಯಾರಕರ ಚಿಪ್ಪುಗಳು ಆರೇ ತಿಂಗಳ ಅವಧಿಯೊಳಗೆ ಗುಂಪುಗೂಡಿರುವುದು, ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಸರಕನ್ನೇ ಕೊಂಡು ಜೋಡಿಸಿದರೆಂಬ ಊಹೆಗೆ ಬಲ ಕೊಡುತ್ತದೆ. ಹಳೆಯ ಚಿಪ್ಪುಗಳನ್ನು ಈಗ ಹುಡುಕಿ ತಂದು ಜೋಡಿಸಿದವರಿಗೆ ಇಷ್ಟು ಹತ್ತಿರದ ದಿನಾಂಕಗಳು ಒಟ್ಟಿಗೆ ಒದಗುವುದು ಕಷ್ಟ. ಸಾಕೆಟ್ಟಿನಲ್ಲಿ ಕುಳಿತ ಚಿಪ್ಪಿನ ದಿನಾಂಕವನ್ನು ನಾನು ಈ ಲೆಕ್ಕಕ್ಕೆ ಸೇರಿಸಲಿಲ್ಲ, ಏಕೆಂದರೆ ಅದನ್ನು ಯಾರು ಯಾವಾಗ ಬೇಕಾದರೂ ಬದಲಿಸಿರಬಹುದು.

ಸಾಕೆಟ್ಟಿನಲ್ಲಿದ್ದದ್ದು 27ಸಿ256 ಇಪ್ರಾಮ್: 32,768 ಬೈಟುಗಳ ಸ್ಮೃತಿ, ಗಾಜಿನ ಕಿಟಕಿಯ ಮೂಲಕ ನೇರಳಾತೀತ ಬೆಳಕು ಬಿದ್ದರೆ ಅಳಿದುಹೋಗುವಂಥದು. ಕಿಟಕಿಯ ಮೇಲೆ ಅಂಟಿಸಿದ್ದ ಕಾಗದದಲ್ಲಿ ಪೆನ್ನಿನಿಂದ ವಿ 0.3 ಎಂದೂ, ಅದರ ಕೆಳಗೆ ನಾಲ್ಕು ಹದಿನಾರುಮಾನ (0ರಿಂದ 9, ಎಯಿಂದ ಎಫ್) ಅಂಕಿಗಳನ್ನೂ ಬರೆದಿತ್ತು. ಆ ಕಾಗದವನ್ನು ಕೀಳದೆ ಚಿಪ್ಪನ್ನು ಹೊರತೆಗೆದು, ಓದುವ ಯಂತ್ರಕ್ಕೆ ಚಿಪ್ಪಿನ ಬಗೆಯನ್ನು ಸರಿಯಾಗಿ ತಿಳಿಸಿದ್ದೇನೆಯೇ ಎಂದು ಖಚಿತಪಡಿಸಿಕೊಂಡೆ. ಈ ಬಗೆಯ ಚಿಪ್ಪಿನಲ್ಲಿ ಬರೆಯುವ ವೋಲ್ಟೇಜು 12 ವೋಲ್ಟ್‌ಗಿಂತ ಹೆಚ್ಚಿರುವುದರಿಂದ, ತಪ್ಪು ಆಯ್ಕೆ ಒಳಗಿನ ಏಕೈಕ ಪ್ರತಿಯನ್ನೇ ಹಾಳುಮಾಡಬಲ್ಲದು. 4.5, 5.0, 5.5 ವೋಲ್ಟ್‌ಗಳಲ್ಲಿ ಪ್ರತ್ಯೇಕವಾಗಿ ಓದಿ ಪ್ರತಿಗಳನ್ನು ಹೋಲಿಸಿದೆ. ವಿದ್ಯುದಂಶ ಸೋರಿ ಸಂದಿಗ್ಧ ಸ್ಥಿತಿಗೆ ಬಂದ ಬಿಟ್‌ಗಳಿದ್ದರೆ ವೋಲ್ಟೇಜು ಬದಲಾದಂತೆ ಅವು ಸೊನ್ನೆಯೂ ಒಂದೂ ಆಗುತ್ತಾ ಹೊಯ್ದಾಡುತ್ತವೆ. ಇಲ್ಲಿ ಎಲ್ಲ ಪ್ರತಿಗಳೂ ಒಂದೇ ಆಗಿದ್ದವು. ಬಳಿಕ ಎಲ್ಲ ಬೈಟುಗಳನ್ನೂ ಕೂಡಿಸಿ ಮೊತ್ತದ ಕೊನೆಯ ಹದಿನಾರು ಬಿಟ್‌ಗಳನ್ನು ನೋಡಿದಾಗ, ಕಾಗದದ ಮೇಲೆ ಬರೆದಿದ್ದ ನಾಲ್ಕು ಅಂಕಿಗಳೇ ಬಂದವು. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಗಳಿಗೆ ಅದು. ಅಂದಿನ ಎಂಜಿನಿಯರುಗಳು ಇಪ್ರಾಮ್ ಬರೆದೊಡನೆ ಯಂತ್ರ ತೋರಿಸಿದ ಮೊತ್ತವನ್ನು ಲೇಬಲ್ಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಕಾಗದವೂ ಒಳಗಿನ ಪ್ರೋಗ್ರಾಮೂ ಒಂದಕ್ಕೊಂದು ಸೇರಿದ್ದೆಂದೂ, ಬರೆದ ದಿನದಿಂದ ಆ ಮೊತ್ತವನ್ನು ಬದಲಿಸುವಷ್ಟು ಏನೂ ಅಳಿದಿಲ್ಲವೆಂದೂ ಇದರಿಂದ ತಿಳಿಯುತ್ತದೆ. ಕಾಗದದ ವಯಸ್ಸನ್ನು ಮಾತ್ರ ಇದು ಹೇಳುವುದಿಲ್ಲ.

ಪ್ರೋಗ್ರಾಮನ್ನು ನಡೆಸುವುದು 80ಸಿ31 ಮೈಕ್ರೊಕಂಟ್ರೋಲರ್, ಅಂದರೆ ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರು. ಅದರೊಳಗೆ ಪ್ರೋಗ್ರಾಮನ್ನು ಇಡುವ ಸ್ವಂತ ಸ್ಮೃತಿ (ರೋಮ್) ಇಲ್ಲದ್ದರಿಂದ 31ನೆಯ ಪಿನ್ನು ನೆಲಕ್ಕೆ (ಸೊನ್ನೆ ವೋಲ್ಟಿನ ಗ್ರೌಂಡಿಗೆ) ಜೋಡಿಸಲ್ಪಟ್ಟಿದೆ. ಅಂದರೆ ಈ ಸಾಧನದ ಬುದ್ಧಿಯೆಲ್ಲ ನಾನು ನಕಲು ತೆಗೆದ ಇಪ್ರಾಮಿನಲ್ಲೇ ಇದೆ. ಮೊದಲ ಬೈಟು 02, ಆ ಚಿಪ್ಪಿನ ಭಾಷೆಯಲ್ಲಿ ದೂರದ ಜಿಗಿತದ ಆದೇಶ, ನಿರೀಕ್ಷಿಸಿದಂತೆಯೇ. ಕುತೂಹಲ ಹುಟ್ಟಿಸಿದ್ದು ಚಿಪ್ಪಿಗೆ ತಾಳ ಕೊಡುವ ಹರಳಿನ ಆವರ್ತನ: 12 ಮೆಗಾಹರ್ಟ್ಸ್ ಅಲ್ಲ, 11.0592. ಈ ವಿಚಿತ್ರ ಸಂಖ್ಯೆಯನ್ನು ಆರಿಸುವವರಿಗೆ ಒಂದೇ ಉದ್ದೇಶವಿರುತ್ತದೆ. ಅದನ್ನು ಭಾಗಿಸಿದಾಗ ಸರಣಿ ಸಂವಹನದ (ಒಂದೇ ತಂತಿಯಲ್ಲಿ ಒಂದೊಂದೇ ಬಿಟ್ ಕಳುಹಿಸುವ ಕ್ರಮದ) ರೂಢಿಯ ವೇಗಗಳು ಶೇಷವಿಲ್ಲದೆ ಬರುತ್ತವೆ. ಪ್ರೋಗ್ರಾಮಿನಲ್ಲಿ 75 8ಡಿ ಎಫ್‌ಡಿ ಎಂಬ ಮೂರು ಬೈಟುಗಳು ಸಿಕ್ಕಾಗ ಸಂದೇಹ ಉಳಿಯಲಿಲ್ಲ. ಈ ಹರಳಿನೊಡನೆ ಅದು ಸೆಕೆಂಡಿಗೆ 9,600 ಬಿಟ್‌ಗಳ ವೇಗವನ್ನು ನಿಗದಿಪಡಿಸುವ ಆದೇಶ. ಬೋರ್ಡಿನ ಅಂಚಿನಲ್ಲಿ ಹೆಸರಿಲ್ಲದೆ ನಿಂತಿದ್ದ ಮೂರು ಪಿನ್ನುಗಳು 80ಸಿ31ರ 10 ಮತ್ತು 11ನೆಯ ಪಿನ್ನುಗಳಿಗೂ ನೆಲಕ್ಕೂ ಹೋಗುತ್ತವೆಂದು ಅಳೆದು ಕಂಡುಕೊಂಡೆ. ಆಟಗಾರನಿಗೆ ಮಾರುವ ಚುಕ್ಕಾಣಿಗೆ ಸರಣಿ ಸಂವಹನ ಏಕೆ ಬೇಕು? ಬೇಕಾಗುವುದು ವಿನ್ಯಾಸಕಾರನಿಗೆ, ಚುಕ್ಕಾಣಿಯ ಅಂಕಿಗಳನ್ನು ಕಂಪ್ಯೂಟರಿನಲ್ಲಿ ನೋಡುತ್ತಾ ಪ್ರೋಗ್ರಾಮನ್ನು ಹದಗೊಳಿಸುವುದಕ್ಕಾಗಿ. ಕವಚದ ರಾಳಕ್ಕಿಂತಲೂ, 0.3 ಎಂಬ ಅಂಕಿಗಿಂತಲೂ ಈ ಮೂರು ಪಿನ್ನುಗಳೇ ಇದನ್ನು ಅಭಿವೃದ್ಧಿ ಹಂತದ ನಮೂನೆಯೆಂದು ನನಗೆ ಮನದಟ್ಟು ಮಾಡಿದವು.

ವಿದ್ಯುತ್ ಕೊಡುವ ಮುನ್ನ ಕೇಬಲ್ಲಿನ ತಂತಿಗಳನ್ನು ಗುರುತಿಸಬೇಕಿತ್ತು. ನಿಂಟೆಂಡೊ ನಿಯಂತ್ರಕದ ಕೇಬಲ್ಲಿನಲ್ಲಿ ಐದು ತಂತಿಗಳಿರುತ್ತವೆ: 5 ವೋಲ್ಟ್, ಕ್ಲಾಕ್ (ಒಂದೊಂದು ಬಿಟ್ ಹೊರಬರಲು ಕೊಡುವ ಮಿಡಿತ), ಲ್ಯಾಚ್ (ಗುಂಡಿಗಳ ಸ್ಥಿತಿಯನ್ನು ಹಿಡಿದಿಡುವ ಸೂಚನೆ), ಡೇಟಾ, ನೆಲ. ಕೈಯಿಂದ ಮಾಡಿದ ನಮೂನೆಯಲ್ಲಿ ತಂತಿಯ ಬಣ್ಣವನ್ನು ನಂಬಬಾರದು. ಬೋರ್ಡಿನ ಮೇಲೆ ಸಾಲಾಗಿ ಕುಳಿತಿದ್ದ ನಾಲ್ಕು 4021 ಶಿಫ್ಟ್ ರಿಜಿಸ್ಟರುಗಳಿಂದ (ಎಂಟು ಬಿಟ್‌ಗಳನ್ನು ಹಿಡಿದಿಟ್ಟು ಒಂದೊಂದಾಗಿ ಹೊರಕಳುಹಿಸುವ ಚಿಪ್ಪುಗಳಿಂದ) ಹಿಂದಕ್ಕೆ ಹೊರಟೆ. ಆ ಚಿಪ್ಪಿನ 16ನೆಯ ಪಿನ್ನು ವಿದ್ಯುತ್ತು, 8 ನೆಲ, 10 ಕ್ಲಾಕ್, 9 ಲ್ಯಾಚ್, 3 ಹೊರಹರಿವು. ಪ್ಲಗ್ಗಿನ ಪ್ರತಿ ಸಂಪರ್ಕವೂ ಎಲ್ಲಿಗೆ ಹೋಗುತ್ತದೆಂದು ಮಲ್ಟಿಮೀಟರಿನಿಂದ ನೋಡಿದಾಗ ಐದೂ ಸರಿಯಾದ ಸ್ಥಾನದಲ್ಲಿದ್ದವು. ಒಂದು ಚಿಪ್ಪಿನ 3ನೆಯ ಪಿನ್ನು ಮುಂದಿನದರ 11ಕ್ಕೆ ಸೇರುತ್ತಾ ನಾಲ್ಕೂ ಒಂದೇ ಸರಪಳಿಯಾಗಬೇಕಿತ್ತು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಕೊಂಡಿಯೇ ಆ ಬಿಟ್ಟುಕೊಂಡಿದ್ದ ನೀಲಿ ತಂತಿ. ಹಳೆಯ ಬೆಸುಗೆಯ ಗುಡ್ಡೆ ಹಾಗೆಯೇ ಉಳಿದಿದ್ದುದರಿಂದ ತಂತಿಯ ಮೂಲಸ್ಥಾನದ ಬಗ್ಗೆ ಗೊಂದಲವಿರಲಿಲ್ಲ. ಮೊದಲು ಚಿತ್ರ ತೆಗೆದು, ಅದೇ ಗುಡ್ಡೆಯನ್ನು ಕರಗಿಸಿ, ಸೀಸ-ತವರದ ಅತಿ ಕಡಿಮೆ ಬೆಸುಗೆ ಸೇರಿಸಿ ತಂತಿಯನ್ನು ಮರಳಿ ಕೂರಿಸಿದೆ. ಇಡೀ ಸಾಧನದಲ್ಲಿ ನಾನು ಮಾಡಿದ ಶಾಶ್ವತ ಬದಲಾವಣೆ ಅದೊಂದೇ.

ವಿದ್ಯುತ್ತಿನ ದಾರಿಯಲ್ಲಿ ಅದರ ಏರಿಳಿತವನ್ನು ಸಮಗೊಳಿಸುತ್ತಿದ್ದ ವಿದ್ಯುದ್ವಿಚ್ಛೇದ್ಯ ಕೆಪಾಸಿಟರು ಒಣಗಿತ್ತು; ಒಳರೋಧ ಬಹಳ ಏರಿತ್ತು. ಸಾಮಾನ್ಯ ಕನ್ಸೋಲಿನ ದುರಸ್ತಿಯಾಗಿದ್ದರೆ ಕೂಡಲೇ ಕಿತ್ತು ಹೊಸದನ್ನು ಹಾಕುತ್ತಿದ್ದೆ. ಇಲ್ಲಿ ಆ ಕೆಪಾಸಿಟರು ಕೂಡ ಕಾಲದ ಗುರುತನ್ನು ಹೊತ್ತ ಮೂಲಭಾಗ, ಮತ್ತು ಅದು ಸೋರಿರಲಿಲ್ಲ. ಹೀಗಾಗಿ ಪ್ಲಗ್ಗಿಗೂ ಕನ್ಸೋಲಿಗೂ ನಡುವೆ ಸೇರಿಸುವ ಒಂದು ಪುಟ್ಟ ಮಧ್ಯಸ್ಥ ಬೋರ್ಡನ್ನು ಮಾಡಿ, ಬೇಕಾದ ಕೆಪಾಸಿಟರುಗಳನ್ನು ಅದರ ಮೇಲಿಟ್ಟೆ. ತಂತಿಗಳ ಮಿಡಿತಗಳನ್ನು ದಾಖಲಿಸುವ ಲಾಜಿಕ್ ಅನಲೈಸರಿನ ಕೊಕ್ಕೆಗಳಿಗೂ ಅದೇ ಜಾಗವಾಯಿತು. ಮೊದಲ ಸಲ ವಿದ್ಯುತ್ ಕೊಟ್ಟದ್ದು ಕನ್ಸೋಲಿನಿಂದಲ್ಲ, ಪ್ರವಾಹಕ್ಕೆ ಮಿತಿ ಹಾಕಬಹುದಾದ ಪ್ರಯೋಗಾಲಯದ ಸರಬರಾಜಿನಿಂದ. ಪ್ರವಾಹ ಏರದೆ ನಿಂತಿತು, ಯಾವ ಚಿಪ್ಪೂ ಬಿಸಿಯಾಗಲಿಲ್ಲ, ಮೂರು ಪಿನ್ನುಗಳಿಂದ 9,600ರ ವೇಗದಲ್ಲಿ ಅಂಕಿಗಳು ಹರಿಯತೊಡಗಿದವು. ಚುಕ್ಕಾಣಿಯನ್ನು ತಿರುಗಿಸಿದಂತೆ ಅವು ಸೊನ್ನೆಯ ಬಳಿಯಿಂದ 255ರ ಬಳಿಯವರೆಗೆ ಏರಿಳಿದವು.

ಕನ್ಸೋಲಿಗೆ ಜೋಡಿಸಿದ ಮೇಲೆ ನಿಜವಾದ ಗುರುತು ಸಿಕ್ಕಿತು. ಸೂಪರ್ ನಿಂಟೆಂಡೊ ಸೆಕೆಂಡಿಗೆ ಸುಮಾರು 60 ಬಾರಿ 12 ಮೈಕ್ರೊಸೆಕೆಂಡಿನ ಲ್ಯಾಚ್ ಮಿಡಿತವನ್ನು ಕಳುಹಿಸಿ, ಆಮೇಲೆ ಹದಿನಾರು ಕ್ಲಾಕ್ ಮಿಡಿತಗಳಲ್ಲಿ ಒಂದೊಂದೇ ಬಿಟ್ ಓದುತ್ತದೆ. ಮೊದಲ ಹನ್ನೆರಡು ಬಿಟ್‌ಗಳು ಗುಂಡಿಗಳವು. 13ರಿಂದ 16ರವರೆಗಿನ ನಾಲ್ಕು ಸಾಧನದ ಸಹಿ. ಸಾಮಾನ್ಯ ನಿಯಂತ್ರಕದ ಸಹಿ 0000, ನಿಂಟೆಂಡೊದ ಮೌಸಿನದು 0001, ಮತ್ತು ಮೌಸು ಒಟ್ಟು 32 ಬಿಟ್‌ಗಳನ್ನು ಕೊಡುತ್ತದೆ. ನನ್ನ ಕೈಲಿದ್ದ ಸಾಧನದ ಸ್ವಿಚ್ಚು ಮೇಲಿದ್ದಾಗ ಸಹಿ 0000. ಚುಕ್ಕಾಣಿಯನ್ನು ಸ್ವಲ್ಪ ತಿರುಗಿಸಿದರೆ ಎಡ ಅಥವಾ ಬಲ ಗುಂಡಿ ಕೆಲವು ಫ್ರೇಮುಗಳಲ್ಲಿ (ಕೆಲವು ಓದುಗಳಲ್ಲಿ) ಮಾತ್ರ ಒತ್ತಿದಂತೆಯೂ, ಪೂರ್ತಿ ತಿರುಗಿಸಿದರೆ ಸತತವಾಗಿ ಒತ್ತಿದಂತೆಯೂ ವರದಿಯಾಗುತ್ತದೆ. ಇದರಿಂದ ಹಳೆಯ ಕಾರು ಓಟದ ಆಟಗಳಲ್ಲೂ ಮೆಲ್ಲನೆ ತಿರುಗುವುದು ಸಾಧ್ಯವಾಯಿತು. ಸ್ವಿಚ್ಚನ್ನು ಕೆಳಗಿಳಿಸಿದರೆ ಸಹಿ 1010 ಆಗುತ್ತದೆ. 32 ಬಿಟ್‌ಗಳನ್ನು ಓದುವ ಚಿಕ್ಕ ಪರೀಕ್ಷಾ ಪ್ರೋಗ್ರಾಮನ್ನು ಬರೆದು ನಮ್ಮದೇ ಪ್ರೋಗ್ರಾಮನ್ನು ತುಂಬಿಸಿ ಕನ್ಸೋಲಿಗೆ ಸಿಕ್ಕಿಸಬಹುದಾದ ಫ್ಲಾಶ್ ಕಾರ್ಟ್ರಿಜಿನಲ್ಲಿ ನಡೆಸಿದಾಗ, 17ರಿಂದ 24ರವರೆಗಿನ ಬಿಟ್‌ಗಳಲ್ಲಿ ಚುಕ್ಕಾಣಿಯ ಸ್ಥಾನ ಪೂರ್ಣ ಎಂಟು ಬಿಟ್‌ಗಳ ನಿಖರತೆಯಲ್ಲಿ ಬಂದಿತು. ಉಳಿದ ಎಂಟು ಖಾಲಿ, ಬಹುಶಃ ಕಾಲಿನ ಪೆಡಲಿಗೆ ಮೀಸಲು, ಏಕೆಂದರೆ ಬೋರ್ಡಿನಲ್ಲಿ ಎರಡನೆಯ ಅನಲಾಗ್ ಪರಿವರ್ತಕಕ್ಕೆ (ಚಲನೆಯನ್ನು ಅಂಕಿಯಾಗಿಸುವ ಚಿಪ್ಪಿಗೆ) ರಂಧ್ರಗಳಿದ್ದೂ ಚಿಪ್ಪಿಲ್ಲ. ನಾನು ಓಡಿಸಿ ನೋಡಿದ ಯಾವ ಆಟವೂ ಈ ಎರಡನೆಯ ವಿಧಾನವನ್ನು ಓದಲಿಲ್ಲ. ಅನಲಾಗ್ ಚುಕ್ಕಾಣಿಯನ್ನು ಬೆಂಬಲಿಸುವ ಆಟವೊಂದನ್ನು ಯಾರೋ ಮನಸ್ಸಿನಲ್ಲಿಟ್ಟುಕೊಂಡೇ ಈ ವ್ಯವಸ್ಥೆಯನ್ನು ಮಾಡಿದ್ದರೆಂಬುದು ನನ್ನ ದೃಢ ಅಭಿಪ್ರಾಯ.

ತಯಾರಕರು ಯಾರೆಂಬ ಪ್ರಶ್ನೆಗೆ ಪ್ಲಗ್ಗಿನ ಅಚ್ಚು ಮೋಸದ ಉತ್ತರ ಕೊಡಬಲ್ಲದು. ಪ್ಲಗ್ಗು ಮತ್ತು ಕೇಬಲ್ಲು ನಿಂಟೆಂಡೊದ ನಿಯಂತ್ರಕದಿಂದಲೇ ಕತ್ತರಿಸಿ ತಂದವು. ಕವಚದೊಳಗೆ ಐದೂ ತಂತಿಗಳನ್ನು ಹೊಸ ಕನೆಕ್ಟರಿಗೆ ಬೆಸೆದ ಗುರುತಿದೆ. ನಿಂಟೆಂಡೊ ತನ್ನದೇ ನಮೂನೆಯಲ್ಲಿ ಹೀಗೆ ಮಾಡಿರಬಹುದು, ಹೊರಗಿನ ಸಂಸ್ಥೆಯೂ ಮಾಡಿರಬಹುದು. ಆದ್ದರಿಂದ ಈ ಸಾಧನವನ್ನು ನಿಂಟೆಂಡೊದ ಮೂಲಮಾದರಿ ಎಂದು ಕರೆಯುವುದಕ್ಕೆ ನನ್ನಲ್ಲಿ ಆಧಾರವಿಲ್ಲ, ಮತ್ತು ಹಾಗೆ ಕರೆದು ಮಾರುವುದು ಕೊಳ್ಳುವವರಿಗೆ ಮಾಡುವ ಅನ್ಯಾಯವಾಗುತ್ತದೆ.

ಬೆಲೆಯ ಚರ್ಚೆ ಬಂದಾಗಲೆಲ್ಲ ಜನ ನಿಂಟೆಂಡೊ ಪ್ಲೇಸ್ಟೇಷನ್ನಿನ ಉದಾಹರಣೆ ಕೊಡುತ್ತಾರೆ. ಸೋನಿ ಮತ್ತು ನಿಂಟೆಂಡೊ ಸೇರಿ ಯೋಜಿಸಿ ಕೈಬಿಟ್ಟ, ಸಿಡಿ ಓದುವ ಆ ಯಂತ್ರದ ಒಂದು ನಮೂನೆ 2020ರ ಮಾರ್ಚಿನಲ್ಲಿ ಹೆರಿಟೇಜ್ ಆಕ್ಷನ್ಸ್ ನಡೆಸಿದ ಹರಾಜಿನಲ್ಲಿ 3,60,000 ಡಾಲರಿಗೆ ಹೋಯಿತು. ಇದರಲ್ಲಿ ಹರಾಜು ನಿಂತ ಬೆಲೆ 3,00,000. ಉಳಿದದ್ದು ಕೊಂಡವರು ಹರಾಜು ಸಂಸ್ಥೆಗೆ ತೆರುವ ಶುಲ್ಕ. ಬೆಲೆಗಳನ್ನು ಹೋಲಿಸುವಾಗ ಈ ಎರಡು ಅಂಕಿಗಳಲ್ಲಿ ಯಾವುದನ್ನು ಹಿಡಿದಿದ್ದೇವೆ ಎಂಬುದು ಸ್ಪಷ್ಟವಿರಬೇಕು. ಅದಕ್ಕೂ ಮುನ್ನ 12 ಲಕ್ಷ ಡಾಲರಿನ ಪ್ರಸ್ತಾವವನ್ನು ತಾವು ಒಪ್ಪಲಿಲ್ಲವೆಂದು ಅದರ ಒಡೆಯರು ಹೇಳಿದ್ದರು. ಕೇಳಿದ ಬೆಲೆ, ಬಂದ ಪ್ರಸ್ತಾವ, ಹಣ ಕೈಬದಲಾಯಿಸಿದ ಬೆಲೆ ಇವು ಮೂರೂ ಬೇರೆ; ಮೌಲ್ಯಮಾಪನಕ್ಕೆ ಮೂರನೆಯದು ಮಾತ್ರ ಉಪಯುಕ್ತ. ಇನ್ನು ಆ ಯಂತ್ರದ ಮೇಲೆ ಸೋನಿಯ ಗುರುತಿತ್ತು, ದಿವಾಳಿಯಾದ ಅಡ್ವಾಂಟಾ ಸಂಸ್ಥೆಯ ಸಾಮಾನಿನ ಹರಾಜಿನಲ್ಲಿ ಅದು ಸಿಕ್ಕ ದಾಖಲೆಯಿತ್ತು, ದುರಸ್ತಿಯಾದ ಮೇಲೆ ಸಿಡಿ ಭಾಗವೂ ನಡೆಯುತ್ತಿತ್ತು. ನನ್ನ ಚುಕ್ಕಾಣಿಗೆ ಇವುಗಳಲ್ಲಿ ಕೊನೆಯದೊಂದು, ಅಂದರೆ ದುರಸ್ತಿಯಾದ ಮೇಲೆ ಕೆಲಸ ಮಾಡುವುದು, ಮಾತ್ರ ಅನ್ವಯಿಸುತ್ತದೆ.

ಇದಕ್ಕಿಂತ ಹತ್ತಿರದ ಹೋಲಿಕೆ ನಿಂಟೆಂಡೊದ ಕೈಯಲ್ಲಿ ಹಿಡಿದಾಡುವ ಯಂತ್ರವಾದ ಗೇಮ್ ಬಾಯ್‌ಗಾಗಿ 1992ರಲ್ಲಿ ಪ್ರದರ್ಶನಗೊಂಡು ಮಾರುಕಟ್ಟೆಗೆ ಬಾರದ ವರ್ಕ್‌ಬಾಯ್ ಎಂಬ ಕೀಲಿಮಣೆ. 2020ರಲ್ಲಿ ಅದರ ನಮೂನೆ ಬೆಳಕಿಗೆ ಬಂದಾಗ ಯಂತ್ರ ಮಾತ್ರವಿತ್ತು, ಅದನ್ನು ನಡೆಸುವ ಕಾರ್ಟ್ರಿಜು ಇರಲಿಲ್ಲ. ಅದೇ ವರ್ಷ ನಿಂಟೆಂಡೊದಿಂದ ಸೋರಿಕೆಯಾದ ಕಡತಗಳಲ್ಲಿ ತಂತ್ರಾಂಶ ಸಿಕ್ಕ ಬಳಿಕವೇ ಅದು ಕೆಲಸ ಮಾಡಿ ತೋರಿಸಿತು. ಉಪಸಾಧನ ಅರ್ಧ, ಅದನ್ನು ಬಳಸುವ ತಂತ್ರಾಂಶ ಇನ್ನರ್ಧ. ಹಣೆಗೆ ಕಟ್ಟಿಕೊಳ್ಳುವ ನಿಯಂತ್ರಕವಾದ ಅಟಾರಿಯ ಮೈಂಡ್‌ಲಿಂಕ್, 1993ರಲ್ಲಿ ಪ್ರದರ್ಶನದಲ್ಲಿಟ್ಟು ಕೈಬಿಟ್ಟ, ತಲೆಗೆ ಧರಿಸುವ ಪರದೆಯಾದ ಸೆಗಾ ವಿಆರ್ ಇಂಥವುಗಳಿಗೆ ಅಂದಿನ ಚಿತ್ರಗಳೂ ಪತ್ರಿಕಾ ವರದಿಗಳೂ ಇರುವುದರಿಂದ, ಒಂದು ನಮೂನೆ ಸಿಕ್ಕರೆ ಅದನ್ನು ಎದುರಿಗಿಟ್ಟು ಹೋಲಿಸಬಹುದು. ಸಂಗ್ರಾಹಕರ ಆಸೆಯೂ ಆಗಲೇ ಬೆಳೆದಿರುತ್ತದೆ. ನನ್ನ ಸಾಧನದ ಬಗ್ಗೆ ಜಾಹೀರಾತಾಗಲಿ ವರದಿಯಾಗಲಿ ದೊರೆತಿಲ್ಲ. ಅಪರೂಪವಾಗಿರುವುದು ಒಂದು, ಬೇಡಿಕೆಯಿರುವುದು ಮತ್ತೊಂದು.

ಹೀಗಾಗಿ ನಾನು ಒಂದೇ ಅಂಕಿಯನ್ನು ಬರೆಯದೆ ಷರತ್ತುಗಳೊಡನೆ ವ್ಯಾಪ್ತಿಯನ್ನು ಬರೆದಿಟ್ಟಿದ್ದೇನೆ. ಕೆಳಮಿತಿಯೆಂದರೆ, ತಯಾರಕರು ಎಂದೂ ಪತ್ತೆಯಾಗದೆ ಹೋದರೂ ಕೆಲಸ ಮಾಡುವ, ಪೂರ್ಣ ದಾಖಲೆಯುಳ್ಳ ವಿಚಿತ್ರ ಉಪಸಾಧನವಾಗಿ ಇದಕ್ಕೆ ಸಿಗಬಹುದಾದದ್ದು. ಅದಕ್ಕೆ ಅಳತೆಗೋಲು ಇದೇ ಕನ್ಸೋಲಿಗೆ ಬಂದು ಕಡಿಮೆ ಸಂಖ್ಯೆಯಲ್ಲಿ ಮಾರಾಟವಾದ ಉಪಸಾಧನಗಳ, ಮುಗಿದ ಹರಾಜುಗಳಲ್ಲಿನ ಬೆಲೆ. ಮೇಲ್ಮಿತಿಗೆ ಬಿಡುಗಡೆಯಾಗದ ಉಪಸಾಧನಗಳ ಹರಾಜುಗಳನ್ನು ಹಿಡಿದಿದ್ದೇನೆ, ಆದರೆ ಅವುಗಳಲ್ಲಿ ತಯಾರಕರ ಗುರುತುಳ್ಳವನ್ನು ಬಿಟ್ಟಿದ್ದೇನೆ. ವಿಮೆಗಾಗಿ ಬರೆಯುವ ಮೌಲ್ಯವನ್ನು ಮೇಲ್ಮಿತಿಯ ಬಳಿ ಇಟ್ಟಿದ್ದೇನೆ, ಏಕೆಂದರೆ ಕಳೆದುಹೋದರೆ ಬದಲಿ ಸಿಗದ ವಸ್ತುವಿದು. ಮಾರಾಟದ ನಿರೀಕ್ಷೆ ಮಾತ್ರ ಕೆಳಮಿತಿಗೆ ಹತ್ತಿರ. ಇದೇ ಎರಕದ ಇನ್ನೊಂದು ತುಂಡು ಹೆಸರಿನೊಡನೆ ಸಿಕ್ಕರೆ ಅಪರೂಪತೆ ಕುಗ್ಗಿದರೂ ಮೌಲ್ಯ ಏರುವ ಸಂಭವವೇ ಹೆಚ್ಚು, ಏಕೆಂದರೆ ಆಗ ಇದು ಯಾರದೆಂದು ತಿಳಿಯುತ್ತದೆ. 1010 ಸಹಿಯನ್ನು ಓದುವ ಆಟದ ಅಭಿವೃದ್ಧಿ ಪ್ರತಿ ಎಲ್ಲಾದರೂ ಸಿಕ್ಕರೆ ಇಡೀ ಲೆಕ್ಕವನ್ನೇ ಮತ್ತೆ ಮಾಡಬೇಕಾಗುತ್ತದೆ. ಕಾರ್ಯಾಗಾರದ ಸಾಮಾನು ಕೊಟ್ಟವರಿಂದ, ಅದು ತಮ್ಮ ಕೈಗೆ ಹೇಗೆ ಬಂದಿತೆಂಬ ವಿವರವನ್ನು ಸಹಿ ಮಾಡಿದ ಬರಹದಲ್ಲಿ ಪಡೆದುಕೊಂಡಿದ್ದೇನೆ. ನೆನಪುಗಳು ಮಸುಕಾಗುವ ಮೊದಲು ಇದನ್ನು ಮಾಡಿಸುವುದು ಎಲ್ಲ ಪರೀಕ್ಷೆಗಳಷ್ಟೇ ಮುಖ್ಯ.

ವಿವರಪತ್ರದಲ್ಲಿ ಬರೆದ ಸಾಲುಗಳು ಇವು: ಸೂಪರ್ ನಿಂಟೆಂಡೊಗಾಗಿ ಮಾಡಿದ ಚುಕ್ಕಾಣಿ ನಿಯಂತ್ರಕ, ಕೆಲಸ ಮಾಡುವ ಎಂಜಿನಿಯರಿಂಗ್ ನಮೂನೆ, 1993ರ ಮಾರ್ಚಿಗಿಂತ ಮುಂಚಿನದಲ್ಲ, ಎರಕದ ಕವಚ, ಕೈಯಿಂದ ಜೋಡಿಸಿದ ಬೋರ್ಡು, ತಂತ್ರಾಂಶ ಆವೃತ್ತಿ 0.3, ಮೊತ್ತ ಲೇಬಲ್ಲಿನೊಡನೆ ಹೊಂದುತ್ತದೆ, ಒಂದು ತಂತಿಯನ್ನು ಮರುಬೆಸೆಯಲಾಗಿದೆ, ಉಳಿದೆಲ್ಲವೂ ಮೂಲ ಸ್ಥಿತಿಯಲ್ಲಿದೆ, ತಯಾರಕರು ಗುರುತಿಸಲ್ಪಟ್ಟಿಲ್ಲ. ಇಪ್ರಾಮಿನ ನಕಲು, ಅನಲೈಸರಿನ ದಾಖಲೆಗಳು, ಪರೀಕ್ಷಾ ಪ್ರೋಗ್ರಾಮಿನ ಮೂಲ, ಮಧ್ಯಸ್ಥ ಬೋರ್ಡಿನ ನಕ್ಷೆ ಇವೆಲ್ಲವೂ ಆ ಪತ್ರದೊಡನೆ ಇರುತ್ತವೆ, ಮತ್ತು ಸಾಧನ ಯಾರ ಕೈಗೆ ಹೋದರೂ ಅವು ಅದರ ಜೊತೆಯಲ್ಲೇ ಹೋಗತಕ್ಕದ್ದು ಎಂದು ಪತ್ರದಲ್ಲಿಯೇ ನಮೂದಿಸಿದ್ದೇನೆ.